ಮೈಕಿನಲ್ಲಿ ಹೇಳಿದ್ದು ಕಿವಿಮಾತಾಗದು

ಮಾನ್ಯ ಸಂಪಾದಕರೇ,

"ವಿದ್ಯಾರ್ಥಿಗಳಿಗೆ ಸಚಿವರ ಕಿವಿಮಾತು", "ಕಾರ್ಯಕರ್ತರಿಗೆ ಅಧ್ಯಕ್ಷರ ಕಿವಿಮಾತು". ಇಂಥ ತಲೆಬರಹವಿಲ್ಲದ ವಾರ ಕನ್ನಡ ಪತ್ರಿಕೆಗಳಲ್ಲಿ ಅಪರೂಪ. ಕೆಳಗಿನ ವರದಿ ಓದಿದರೆ ಸಭಾಂಗಣ ತುಂಬಿತ್ತು, ಮೈಕಿತ್ತು, ಕ್ಯಾಮೆರಾ ಇತ್ತು. ಕಿವಿಮಾತು ಎನ್ನಲು ಬೇಕಾದದ್ದು ಮೂರು. ಕೇಳುವವರು ಒಬ್ಬರೋ ಇಬ್ಬರೋ ಆಗಿರಬೇಕು, ಹೇಳುವ ಮಾತು ಕೇಳುವವರ ಒಳಿತಿಗಾಗಿ ಇರಬೇಕು, ಅದು ಬೇರೆಯವರಿಗೆ ಮುಟ್ಟಬಾರದು. ಸಚಿವರ ಭಾಷಣದಲ್ಲಿ ಇವುಗಳಲ್ಲಿ ಉಳಿದಿರುವುದು ನಡುವಿನದೊಂದೇ. ಅದಕ್ಕೆ ಬುದ್ಧಿಮಾತು, ಹಿತವಚನ, ಸಲಹೆ ಎಂಬ ಹೆಸರುಗಳು ಮೊದಲಿನಿಂದ ಇವೆ.

ಪದದ ಅರ್ಥ ಹಿಗ್ಗಬಾರದು ಎಂಬ ಮಡಿವಂತಿಕೆ ನಮಗಿಲ್ಲ. ಮುಂಬಯಿಯಲ್ಲಿ ಕನ್ನಡ ಕಲಿಸುವ, ಮರಾಠಿಯಿಂದ ಕನ್ನಡಕ್ಕೆ ಸುದ್ದಿ ಮತ್ತು ಸರ್ಕಾರಿ ಪ್ರಕಟಣೆಗಳನ್ನು ತರುವ ಕೆಲಸ ನಮ್ಮದು. ಮೆಲ್ಲಗೆ ಆಡುವ ಮಾತು, ಗುಟ್ಟು, ಸುಳಿವು ಇವುಗಳಿಗೆ ಸಂಬಂಧಿಸಿದ ಪದಗಳು ಪತ್ರಿಕೆಯಲ್ಲಿ ಸುದ್ದಿಯ ತೂಕವನ್ನೇ ಹೇಳುತ್ತವೆ. ಯಾರು ಯಾರಿಗೆ ಹೇಳಿದರು, ಬಾಯಿಬಿಟ್ಟು ಹೇಳಿದರೋ ಹಾವಭಾವದಲ್ಲಿ ತಿಳಿಸಿದರೋ, ಪತ್ರಿಕೆ ಅದಕ್ಕೆ ಜವಾಬ್ದಾರವೋ ಅಲ್ಲವೋ ಎಂಬುದೆಲ್ಲ ಓದುಗನಿಗೆ ತಿಳಿಯುವುದು ಈ ಪದಗಳಿಂದ. ಇವು ಒಂದರೊಳಗೊಂದು ಕಲಸಿಹೋದರೆ ವರದಿ ಸುಳ್ಳಾಗದಿದ್ದರೂ ಓದುಗ ತಪ್ಪು ತಿಳಿಯುತ್ತಾನೆ. ಮುಂಬಯಿ, ಪುಣೆಯ ಸುದ್ದಿಗಳಲ್ಲಿ ಈ ಗೊಂದಲ ಇಮ್ಮಡಿ. ಏಕೆಂದರೆ ಮರಾಠಿಯಲ್ಲೂ ಕನ್ನಡದಲ್ಲೂ ಒಂದೇ ರೂಪದಲ್ಲಿರುವ ಪದಗಳು ಬೇರೆ ಬೇರೆ ಅರ್ಥದಲ್ಲಿ ನಡೆಯುತ್ತವೆ.

ಕಿವಿಯಿಂದಲೇ ಶುರು ಮಾಡೋಣ. ಮರಾಠಿ ಪತ್ರಿಕೆಗಳ 'ಕಾನಮಂತ್ರ' ಕನ್ನಡದ ಕಿವಿಮಾತಿಗೆ ಸಮ, ಅದೂ ಈಗ ವೇದಿಕೆಯ ಮೇಲಿನ ಉಪದೇಶವಾಗಿಬಿಟ್ಟಿದೆ. ಆದರೆ ಅದೇ ಪತ್ರಿಕೆಯ 'ಕಾನಪಿಚಕ್ಯಾ', 'ಕಾನಉಘಾಡಣಿ' ಕಣ್ಣಿಗೆ ಬಿದ್ದಾಗಲೂ ಕೆಲವರು 'ಕಾನ' (ಕಿವಿ) ಎಂಬ ಎರಡಕ್ಷರ ನೋಡಿ ಕಿವಿಮಾತು ಎಂದೇ ಬರೆಯುತ್ತಾರೆ. ಕಾನಪಿಚಕ್ಯಾ ಎಂದರೆ ಮೆತ್ತಗೆ ಕಿವಿ ಹಿಂಡುವುದು. ಕಾನಉಘಾಡಣಿ ಅದಕ್ಕಿಂತ ಖಾರ, ಕನ್ನಡದಲ್ಲಿ ತರಾಟೆಗೆ ತೆಗೆದುಕೊಳ್ಳುವುದು. ನ್ಯಾಯಾಲಯ ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡ ದಿನ 'ಪಾಲಿಕೆಗೆ ನ್ಯಾಯಾಲಯದ ಕಿವಿಮಾತು' ಎಂದು ಅಚ್ಚಾದರೆ ಸುದ್ದಿಯೇ ತಲೆಕೆಳಗಾಯಿತು. 'ಹಲಕ್ಯಾ ಕಾನಾಚಾ' ಎಂಬುದನ್ನು 'ಹಗುರ ಕಿವಿಯವನು' ಎಂದು ಮಾಡಿದ್ದೂ ಉಂಟು. ಚಾಡಿ ಹೇಳಿದವರ ಮಾತನ್ನೆಲ್ಲ ನಂಬುವವನಿಗೆ ಕನ್ನಡದಲ್ಲಿ 'ಹಿತ್ತಾಳೆ ಕಿವಿ' ಎಂಬ ಸೊಗಸಾದ ಮಾತಿದೆ. 'ಕಾನ ಭರಣೇ' ನಮ್ಮಲ್ಲಿ ಕಿವಿ ಊದುವುದು. 'ಕಿವಿಗೆ ಹಾಕುವುದು' ಇದ್ಯಾವುದೂ ಅಲ್ಲ: ಮೇಲಿನವರು ಕ್ರಮ ಕೈಗೊಳ್ಳಲಿ ಎಂದು ಸಂಗತಿ ತಿಳಿಸಿಡುವುದು. 'ಕಿವಿಗೆ ಬಿತ್ತು' ಎಂದರೆ ಯಾರೂ ಬೇಕೆಂದು ಹೇಳಲಿಲ್ಲ, ತಾನಾಗಿ ಕೇಳಿಸಿತು. ಈ ಐದಾರು ನುಡಿಗಟ್ಟುಗಳಲ್ಲಿ ಹೇಳುವವನ ಉದ್ದೇಶ ಒಂದೊಂದರಲ್ಲೂ ಬೇರೆ. ಮರಾಠಿ ವಾಕ್ಯ ಕೈಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಆ ಉದ್ದೇಶವನ್ನು.

ಇನ್ನು ಮೆಲ್ಲಗೆ ಆಡುವ ಮಾತಿನ ಸದ್ದು. ಪಿಸುಪಿಸು, ಗುಸುಗುಸು, ಗುಜುಗುಜು, ಗೊಣಗೊಣ ಇವು ನಮ್ಮ ವ್ಯಾಕರಣ ಹೇಳುವ ಅನುಕರಣಾವ್ಯಯಗಳು. ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದು ಎಂದುಕೊಳ್ಳುವುದು ದೊಡ್ಡ ತಪ್ಪು. ಏಕೆ ಎಂದು ತಿಳಿಯಲು ಗಂಟಲಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಮಾಮೂಲಿ ಮಾತಿನಲ್ಲಿ ಗಂಟಲಿನ ಧ್ವನಿತಂತುಗಳು ಒಂದನ್ನೊಂದು ತಾಗುತ್ತ ಕಂಪಿಸುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಪಿಸುಗುಟ್ಟುವಾಗ ಅವು ಕಂಪಿಸುವುದೇ ಇಲ್ಲ. ಬಿಗಿಯಾಗಿ ನಿಂತು ಹಿಂಬದಿಯಲ್ಲಿ ಸಣ್ಣ ಸಂದು ಬಿಡುತ್ತವೆ, ಆ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೋಗುವ ಸದ್ದನ್ನೇ ನಾಲಿಗೆ, ತುಟಿಗಳು ಮಾತಾಗಿ ತಿದ್ದುತ್ತವೆ. ಎರಡು ಬೆರಳನ್ನು ಗಂಟಲ ಗಂಟಿನ ಮೇಲಿಟ್ಟು 'ದಡ' ಎಂದು ಹೇಳಿ, ಬೆರಳಿಗೆ ಕಂಪನ ತಿಳಿಯುತ್ತದೆ. ಅದನ್ನೇ ಪಿಸುಗುಟ್ಟಿ, ಕಂಪನ ಇರುವುದಿಲ್ಲ. ಈಗ ಎದುರಿಗಿದ್ದವರನ್ನು ಕಣ್ಣು ಮುಚ್ಚಿಸಿ 'ದಡ', 'ತಡ' ಎರಡನ್ನೂ ಪಿಸುಗುಟ್ಟಿ ಕೇಳಿಸಿ. ಕರಿ–ಗರಿ, ಪಡಿ–ಬಡಿ ಜೋಡಿಗಳನ್ನೂ ಪ್ರಯತ್ನಿಸಿ. ಬಹಳ ಮಂದಿ ತಡವರಿಸುತ್ತಾರೆ. ವರ್ಗದ ಮೊದಲ ಅಕ್ಷರಕ್ಕೂ ಮೂರನೆಯದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಆ ಕಂಪನ. ಮೊದಲನೆಯದು ಅಘೋಷ, ಮೂರನೆಯದು ಘೋಷ. ಪಿಸುಗುಟ್ಟಿದಾಗ ಘೋಷ ಸತ್ತುಹೋಗುತ್ತದೆ.

ಈಗ ಪದಗಳನ್ನೇ ನೋಡಿ. 'ಪಿಸು' ಎಂಬುದರಲ್ಲಿ ಪ, ಸ ಎರಡೂ ಅಘೋಷ. ಪಿಸುದನಿಯಲ್ಲಿ ಹೇಳಿದರೂ ಆ ವ್ಯಂಜನಗಳು ಏನನ್ನೂ ಕಳೆದುಕೊಳ್ಳುವುದಿಲ್ಲ. 'ಗುಸು'ವಿನಲ್ಲಿ ಗ ಘೋಷ, ಸ ಅಘೋಷ: ಅರ್ಧ ಕೇಳಿಸಿ ಅರ್ಧ ಕೇಳಿಸದ ಮಾತು. 'ಗುಜು'ವಿನಲ್ಲಿ ಗ, ಜ ಎರಡೂ ಘೋಷ: ದೂರದಿಂದಲೂ ಕೇಳಿಸುತ್ತದೆ, ಮಾತು ಮಾತ್ರ ಬಿಡಿಬಿಡಿಯಾಗಿ ತಿಳಿಯದು. 'ಗೊಣ'ದಲ್ಲಿ ಘೋಷದ ಜೊತೆಗೆ ಮೂಗಿನ ದನಿಯೂ ಸೇರಿ ಅಸಮಾಧಾನದ ಸದ್ದಾಗುತ್ತದೆ. ಈ ಪದಗಳನ್ನು ಕಟ್ಟಿದ ಜನರಿಗೆ ಘೋಷ, ಅಘೋಷ ಎಂಬ ಹೆಸರು ಗೊತ್ತಿರಬೇಕಾಗಿರಲಿಲ್ಲ, ಕಿವಿ ಚುರುಕಾಗಿತ್ತು. ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು. ಪಿಸು ಮಾತ್ರ ಹಿಸುವಾಗಲಿಲ್ಲ. ಪಕಾರ ಹೋದರೆ ಆ ಸದ್ದೇ ಹೋಗುತ್ತಿತ್ತು.

ಬಳಕೆಯೂ ಇದಕ್ಕೆ ತಕ್ಕಂತೆಯೇ ಇದೆ. ಪಿಸುಮಾತು ಇಬ್ಬರ ನಡುವಿನದು, ಕಿವಿಯ ಹತ್ತಿರದ್ದು. ಪ್ರೀತಿಯದೂ ಆಗಬಹುದು, ಪ್ರಾರ್ಥನೆಯದೂ ಆಗಬಹುದು, ಸಂಶಯದ ನೆರಳು ಅದರ ಮೇಲೆ ಇರಲೇಬೇಕೆಂದಿಲ್ಲ. ಗುಸುಗುಸು ಎನ್ನಲು ಮೂರನೆಯವನೊಬ್ಬ ಬೇಕು. ಅವರು ಮಾತಾಡುವುದು ಅವನಿಗೆ ಕಾಣುತ್ತದೆ, ಏನೆಂದು ತಿಳಿಯುವುದಿಲ್ಲ, ತನ್ನ ವಿಷಯವೇ ಇರಬಹುದೇನೋ ಎಂಬ ಅನುಮಾನ ಬರುತ್ತದೆ. ಆದ್ದರಿಂದ 'ಪಕ್ಷದಲ್ಲಿ ನಾಯಕತ್ವ ಬದಲಾವಣೆಯ ಗುಸುಗುಸು' ಸರಿಯಾದ ತಲೆಬರಹ, 'ನಾಯಕತ್ವ ಬದಲಾವಣೆಯ ಪಿಸುಮಾತು' ಪೇಲವ. ಗುಜುಗುಜು ಎಂದರೆ ನಾಟಕದ ಪರದೆ ಏಳುವ ಮುಂಚೆ ಮಾಟುಂಗಾದ ಸಭಾಂಗಣದಲ್ಲಿ ಕೇಳಿಸುವ ಜನರ ಸದ್ದು, ಅದರಲ್ಲಿ ಗುಟ್ಟೇನೂ ಇಲ್ಲ. ಇಲ್ಲೇ ಮರಾಠಿಯ 'ಕುಜಬುಜ' ಮೋಸ ಮಾಡುವುದು. ಕಿವಿಗೆ ಅದು ಗುಜುಗುಜುವಿನ ಅಣ್ಣನಂತೆ ಕೇಳಿಸುತ್ತದೆ, ಅರ್ಥದಲ್ಲಿ ಗುಸುಗುಸುವಿನ ಕಡೆಗೆ ಸೇರಿದ್ದು. 'ಮಂತ್ರಾಲಯಾತ ಕುಜಬುಜ' ಎಂಬ ಸಾಲು ಕನ್ನಡಕ್ಕೆ ಬರುವಾಗ 'ಮಂತ್ರಾಲಯದಲ್ಲಿ ಗುಸುಗುಸು' ಆಗಬೇಕು. (ಕರ್ನಾಟಕದ ಓದುಗರಿಗಾಗಿ ಇನ್ನೊಂದು ಮಾತು: ಇಲ್ಲಿನ ಮಂತ್ರಾಲಯ ರಾಯರ ಸನ್ನಿಧಿ ಅಲ್ಲ, ನರಿಮನ್ ಪಾಯಿಂಟ್ ಹತ್ತಿರ ಇರುವ ರಾಜ್ಯ ಸಚಿವಾಲಯ. ಅದನ್ನೂ ಬಿಡಿಸಿ ಬರೆಯುವುದು ಒಳ್ಳೆಯದು.) ಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳು 'ಹಿಂದಿನ ಬೆಂಚಿನವರು ಕುಜಬುಜ ಮಾಡ್ತಾರೆ ಟೀಚರ್' ಎನ್ನುತ್ತಾರೆ. ಆ ಮಾತು ಅವರ ಬಾಯಲ್ಲಿ ಹಾಗೇ ಇರಲಿ. ಬರೆಯುವಾಗ ಅದರ ಜೋಡಿ ಗುಸುಗುಸು ಎಂದು ಕಲಿಸಿದರೆ ಸಾಕು.

ಪಿಸುಗುಟ್ಟು ಎಂಬುದರ ಕೊನೆಯ 'ಗುಟ್ಟು' ರಹಸ್ಯವೆಂಬ ಗುಟ್ಟಲ್ಲ. ಹಾಗೆ ಬಿಡಿಸಿ ಹೇಳುವವರನ್ನು ಆಗಾಗ ಕಾಣುತ್ತೇವೆ. ವಟಗುಟ್ಟು, ಲೊಚಗುಟ್ಟು ಎನ್ನುವಲ್ಲಿ ಯಾವ ರಹಸ್ಯವಿದೆ? ಸದ್ದಿನ ಪದಕ್ಕೆ ಹತ್ತಿ ಅದನ್ನು ಕ್ರಿಯಾಪದ ಮಾಡುವ ತುಂಡು ಅದು. ಹಳೆಯ ಕಾವ್ಯದ 'ಪಿಸುಣ'ನಿಗೂ ಪಿಸುಮಾತಿಗೂ ನೆಂಟಸ್ತನ ಕಟ್ಟುವುದು ಬೇಡ. ಆತ ಸಂಸ್ಕೃತದ ಪಿಶುನ, ಚಾಡಿಕೋರ.

ತಗ್ಗಿದ ದನಿ, ಮೆಲುದನಿ, ಪಿಸುದನಿ ಮೂರೂ ಒಂದೇ ಎಂದು ತಿಳಿಯಬಾರದು. ತಗ್ಗಿದ ದನಿಯಲ್ಲೂ ಮೆಲುದನಿಯಲ್ಲೂ ಧ್ವನಿತಂತು ಕಂಪಿಸುತ್ತಲೇ ಇರುತ್ತದೆ, ಒತ್ತಡ ಮಾತ್ರ ಕಡಿಮೆ. ಲೋಕಲ್ ರೈಲಿನಲ್ಲಿ ಫೋನಿಗೆ ಅಂಗೈ ಮರೆಮಾಡಿ ಮಾತಾಡುವವರು ಪಿಸುಗುಟ್ಟುವುದಿಲ್ಲ, ದನಿ ತಗ್ಗಿಸಿರುತ್ತಾರೆ. ನಿಜವಾದ ಪಿಸುದನಿ ಬರೀ ಉಸಿರಿನ ಸದ್ದಾದ್ದರಿಂದ ಹಳಿಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸಾಕ್ಷಿಯೊಬ್ಬರು ನ್ಯಾಯಾಲಯದಲ್ಲಿ 'ಪಿಸುದನಿಯಲ್ಲಿ ಹೇಳಿಕೆ ಕೊಟ್ಟರು' ಎಂದು ಬರೆದರೆ ನ್ಯಾಯಾಧೀಶರಿಗೆ ಅದು ಕೇಳಿಸಲೇ ಇಲ್ಲ ಎಂದಾಗುತ್ತದೆ. ತುಟಿ ಆಡುತ್ತದೆ, ಪಕ್ಕದವರಿಗೂ ಕೇಳಿಸದು ಎಂಬ ಸ್ಥಿತಿಗೆ ಜಪದ ಪರಿಭಾಷೆಯಲ್ಲಿ 'ಉಪಾಂಶು' ಎಂಬ ಪದವಿದೆ. ವಾಚಿಕ, ಉಪಾಂಶು, ಮಾನಸ ಎಂದು ಜಪ ಮೂರು ಬಗೆ. ಇನ್ನು ರಂಗದ ಮೇಲೆ ಮೆಲ್ಲಗೆ ಆಡುವ ಮಾತನ್ನೆಲ್ಲ ಇಲ್ಲಿನ ನಾಟಕಗಳ ವಿಮರ್ಶೆ ಬರೆಯುವವರು 'ಸ್ವಗತ' ಎಂದುಬಿಡುತ್ತಾರೆ. ಸ್ವಗತ ತನಗೆ ತಾನೇ ಆಡಿಕೊಳ್ಳುವುದು. ರಂಗದ ಮೇಲಿರುವ ಉಳಿದವರಿಗೆ ಕೇಳಿಸದಂತೆ ಇಬ್ಬರು ಮಾತಾಡಿಕೊಂಡರೆ ಅದು ಜನಾಂತಿಕ. ನಟ ತ್ರಿಪತಾಕ ಹಸ್ತವನ್ನು, ಅಂದರೆ ಉಂಗುರದ ಬೆರಳು ಮಡಚಿ ಉಳಿದವನ್ನು ನಿಲ್ಲಿಸಿದ ಕೈಯನ್ನು, ಅಡ್ಡ ಹಿಡಿದು ಅದನ್ನು ತೋರಿಸುತ್ತಾನೆ. ಪ್ರೇಕ್ಷಕರಿಗೆ ಕೇಳಿಸಬೇಕು, ಉಳಿದ ಪಾತ್ರಗಳಿಗೆ ಕೇಳಿಸಬಾರದು. ಅಲ್ಲಿ ನಿಜವಾಗಿ ಪಿಸುಗುಟ್ಟಿದರೆ ಹಿಂದಿನ ಸಾಲಿನವರಿಗೆ ಏನೂ ತಲುಪುವುದಿಲ್ಲ.

ಈಗ ಸುಳಿವಿನ ಪದಗಳು. ನಮ್ಮ ಮುಖ್ಯ ದೂರು ಇರುವುದು ಇಲ್ಲಿ.

ಮೊದಲನೆಯದು 'ಇಂಗಿತ'. 'ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು' ಎಂದು ಬರೆಯುತ್ತೇವೆ. ಆ ನಾಯಕರೋ ಪತ್ರಿಕಾಗೋಷ್ಠಿ ಕರೆದು 'ನಾನು ಸ್ಪರ್ಧಿಸುತ್ತೇನೆ' ಎಂದೇ ಹೇಳಿರುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದ 15ನೇ ಅಧ್ಯಾಯ ಮಂತ್ರಾಲೋಚನೆ ಸೋರಿಹೋಗುವ ಬಗೆಯನ್ನು ಹೇಳುವಾಗ ಇಂಗಿತವನ್ನು 'ಅನ್ಯಥಾವೃತ್ತಿ' ಎನ್ನುತ್ತದೆ, ಅಂದರೆ ಎಂದಿನಂತಿಲ್ಲದ ನಡವಳಿಕೆ. ಮುಖಚರ್ಯೆಗೆ 'ಆಕಾರ' ಎಂಬ ಬೇರೆ ಹೆಸರಿದೆ. ಗಿಳಿ, ಗೊರವಂಕಗಳಿಂದಲೂ ಗುಟ್ಟು ಹೊರಬಿದ್ದದ್ದುಂಟು ಎಂದು ಅದೇ ಅಧ್ಯಾಯ ಎಚ್ಚರಿಸುತ್ತದೆ. ಬಾಯಿಬಿಟ್ಟು ಹೇಳದ್ದು ಹಾವಭಾವದಲ್ಲಿ ತಿಳಿದರೆ ಅದು ಇಂಗಿತ. ಹೇಳಿದ್ದಕ್ಕೆ ಇಚ್ಛೆ, ಬಯಕೆ, ಘೋಷಣೆ ಎನ್ನಿ.

'ಸನ್ನೆ' ಸಂಜ್ಞೆಯ ತದ್ಭವ. ಕೈಯದೋ ಕಣ್ಣಿನದೋ, ಬೇಕೆಂದೇ ಮಾಡಿದ್ದು. 'ಸುಳಿವು' ಸುಳಿ ಎಂಬ ಧಾತುವಿನದು. ಬೇಕೆಂದು ಕೊಡಲೂಬಹುದು, ಅರಿವಿಲ್ಲದೆ ಬಿಟ್ಟುಹೋಗಲೂಬಹುದು. ಆದ್ದರಿಂದ ಕಳ್ಳ ಸುಳಿವು ಬಿಟ್ಟುಹೋಗುತ್ತಾನೆ, ಸನ್ನೆ ಬಿಟ್ಟುಹೋಗುವುದಿಲ್ಲ. ಮರಾಠಿಯ 'ಕುಣಕುಣ ಲಾಗಲಿ' ಎಂಬುದಕ್ಕೆ 'ಸುಳಿವು ಹತ್ತಿತು', 'ವಾಸನೆ ಬಡಿಯಿತು' ಎರಡೂ ನಡೆಯುತ್ತವೆ. ಮೊದಲನೆಯದು ಗಂಭೀರ ವರದಿಗೆ, ಎರಡನೆಯದು ಪೊಲೀಸ್ ದಾಳಿಯ ಸುದ್ದಿಗೆ.

ಮರಾಠಿಯಿಂದ ತರುವಾಗ ಹೆಚ್ಚು ಕೆಡುವುದು ಮೂರು ಪದಗಳಲ್ಲಿ. 'ಸಂಕೇತ' ಮರಾಠಿ ಪತ್ರಿಕೆಗಳಲ್ಲಿ ಸುಳಿವು. ಕನ್ನಡದಲ್ಲಿ ಗುರುತು, ಕುರುಹು, ಗುಪ್ತ ಲಿಪಿ. 'ಮುಖ್ಯಮಂತ್ರಿ ಸಂಪುಟ ವಿಸ್ತರಣೆಯ ಸಂಕೇತ ನೀಡಿದರು' ಎಂದರೆ ಕನ್ನಡಿಗನಿಗೆ ಕೈಯಲ್ಲಿ ಏನೋ ತೋರಿಸಿದಂತೆ ಕಾಣುತ್ತದೆ. 'ಸುಳಿವು ನೀಡಿದರು' ಎನ್ನಬೇಕು.

'ಸೂಚನಾ' ಇನ್ನೂ ಅಪಾಯಕಾರಿ. ಮರಾಠಿಯಲ್ಲಿ 'ಸೂಚನಾ ಕೇಲೀ' ಎಂದರೆ ಸಲಹೆ ಮಾಡಿದರು; 'ಸೂಚನಾ ದಿಲೀ' ಎಂದರೆ ನಿರ್ದೇಶನ ಕೊಟ್ಟರು. ಇಡೀ ಅರ್ಥ ನಿಂತಿರುವುದು ಅದರ ನಂತರ ಬರುವ ಕ್ರಿಯಾಪದದ ಮೇಲೆ. ಕನ್ನಡ ಪತ್ರಿಕೆಗಳಲ್ಲಿ 'ಸೂಚಿಸಿದರು' ಎಂದರೆ ಹೆಚ್ಚುಕಡಿಮೆ ಆಜ್ಞೆ: 'ಅಧಿಕಾರಿಗಳಿಗೆ ಜಿಲ್ಲಾಧಿಕಾರಿ ಸೂಚನೆ'. ಎರಡು ಮರಾಠಿ ರೂಪಗಳೂ 'ಸೂಚಿಸಿದರು' ಎಂದೇ ಬಂದರೆ ನಗರಸೇವಕರೊಬ್ಬರು (ಪಾಲಿಕೆ ಸದಸ್ಯರು) ಸಭೆಯಲ್ಲಿ ಮಾಡಿದ ಸಲಹೆ ಅಧಿಕಾರಿಗೆ ಕೊಟ್ಟ ಹುಕುಂ ಆಗಿ ಅಚ್ಚಾಗುತ್ತದೆ. ಸಾಲದ್ದಕ್ಕೆ ಕನ್ನಡದಲ್ಲಿ ಸೂಚನೆ ಎಂದರೆ ಮುನ್ಸೂಚನೆಯೂ ಹೌದು. 'ಸಂಪುಟ ಪುನಾರಚನೆಗೆ ವರಿಷ್ಠರ ಸೂಚನೆ' ಎಂಬ ತಲೆಬರಹದಲ್ಲಿ ವರಿಷ್ಠರು ಆದೇಶಿಸಿದರೋ, ಸುಳಿವು ಕೊಟ್ಟರೋ? ಉಪಸಂಪಾದಕರಿಗೆ ಗೊತ್ತಿರುತ್ತದೆ, ಓದುಗನಿಗೆ ಗೊತ್ತಾಗದು. ಸಲಹೆ, ನಿರ್ದೇಶನ, ಸುಳಿವು, ಲಕ್ಷಣ ಎಂದು ನಾಲ್ಕಾಗಿ ಒಡೆದುಕೊಂಡರೆ 'ಸೂಚನೆ'ಯ ಹಂಗು ಬಹಳ ಮಟ್ಟಿಗೆ ತಪ್ಪುತ್ತದೆ.

ಮೂರನೆಯದು 'ಇಶಾರಾ'. ಅದರ ವಿಷಯ ಕೊನೆಗೆ ಬರೆಯುತ್ತೇವೆ.

ಗುಟ್ಟಿನ ಪದಗಳಲ್ಲಿ ಅಷ್ಟು ತೊಡಕಿಲ್ಲ. ಗುಟ್ಟು ಮನೆಯದು, ಮನಸ್ಸಿನದು. ರಹಸ್ಯ ಎಲ್ಲಕ್ಕೂ ಹೊಂದುತ್ತದೆ. ಗೋಪ್ಯ ಎಂದರೆ ಕಾಪಾಡಲೇಬೇಕಾದ್ದು, ವೈದ್ಯರು, ವಕೀಲರು, ಬ್ಯಾಂಕಿನವರ ವಿಷಯದಲ್ಲಿ ಅದೇ ಸರಿ. ಗುಟ್ಟು ಬಿಟ್ಟುಕೊಡುವುದು ಒಬ್ಬರ ಕೆಲಸ, ಗುಟ್ಟು ರಟ್ಟಾಗುವುದು ತಾನಾಗಿ ಆಗುವುದು, ಬಯಲಿಗೆಳೆಯುವುದು ಪರರ ಕೆಲಸ. ಒಂದು ಪದ ಮಾತ್ರ ಎಚ್ಚರ ಬೇಡುತ್ತದೆ: 'ಬಾಯಿಬಿಟ್ಟಿದ್ದಾನೆ'. ಬಾಯಿಬಿಟ್ಟ ಎಂದರೆ ಒಳಗಿದ್ದ ನಿಜ ಹೊರಬಿತ್ತು ಎಂದೇ ಅರ್ಥ. ಆದರೆ ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿದ್ದುದನ್ನೇ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುತ್ತದೆ. ಹಾಗಿರುವಾಗ ಬಂಧನವಾದ ಮಾರನೆಯ ದಿನವೇ 'ಬಾಯಿಬಿಟ್ಟ' ಎಂದು ದಪ್ಪಕ್ಷರದಲ್ಲಿ ಹಾಕುವುದು ತೀರ್ಪು ಕೊಟ್ಟಂತೆ. 'ಹೇಳಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ' ಎಂದರೆ ಮಾತು ಯಾರದು ಎಂಬುದೂ ತಿಳಿಯುತ್ತದೆ.

ಮಾತು ಯಾರದು ಎಂದು ತೋರಿಸಲು ಕನ್ನಡದ ವ್ಯಾಕರಣದಲ್ಲೇ 'ಅಂತೆ' ಇದೆ. 'ನಾಳೆ ನೀರು ಬರೋದಿಲ್ಲವಂತೆ' ಎಂದು ಪಕ್ಕದ ಮನೆಯವರು ಹೇಳಿದರೆ ಅವರು ಬೇರೆಯವರಿಂದ ಕೇಳಿದ್ದು ಎಂದು ಒಂದೇ ಪ್ರತ್ಯಯದಲ್ಲಿ ತಿಳಿಯುತ್ತದೆ. ಇಂಥ ಮಾತುಗಳ ಕಂತೆಗೇ ಅಂತೆಕಂತೆ ಎನ್ನುತ್ತೇವೆ. ಪತ್ರಿಕೆಯ ಭಾಷೆಯಲ್ಲಿ ಆ ಜಾಗಕ್ಕೆ 'ಎನ್ನಲಾಗಿದೆ' ಬಂದಿದೆ: ಯಾರೋ ಅನ್ನುತ್ತಾರೆ, ಪತ್ರಿಕೆ ಹೊಣೆಯಲ್ಲ. 'ಮೂಲಗಳು ತಿಳಿಸಿವೆ' ಎಂದರೆ ಹೆಸರು ಹೇಳಬಯಸದ, ಆದರೆ ಪತ್ರಿಕೆಗೆ ಗೊತ್ತಿರುವ ವ್ಯಕ್ತಿ ಹೇಳಿದ್ದು. 'ತಿಳಿದುಬಂದಿದೆ' ಎಂದರೆ ಪತ್ರಿಕೆ ವಿಚಾರಿಸಿ ಖಚಿತಪಡಿಸಿಕೊಂಡಿದೆ. ಒಂದೇ ವರದಿಯ ತಲೆಬರಹದಲ್ಲಿ 'ಗುಸುಗುಸು', ಮೊದಲ ಪ್ಯಾರಾದಲ್ಲಿ 'ಎನ್ನಲಾಗಿದೆ', ಮೂರನೆಯದರಲ್ಲಿ 'ತಿಳಿದುಬಂದಿದೆ' ಎಂದು ಬಂದರೆ, ಅಚ್ಚಾಗುವಷ್ಟರಲ್ಲಿ ಗಾಳಿಮಾತು ಸಂಗತಿಯಾಗಿ ಬಡ್ತಿ ಪಡೆದಿರುತ್ತದೆ. ಇದು ಭಾಷೆಯ ತಪ್ಪಿಗಿಂತ ದೊಡ್ಡದು ಎಂದು ನಮ್ಮ ಅಭಿಪ್ರಾಯ. ಪುಟ ಕಟ್ಟುವ ಮುಂಚೆ ತಲೆಬರಹದ ಪದವನ್ನೂ ಕೊನೆಯ ವಾಕ್ಯದ ಕ್ರಿಯಾಪದವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಂಥದ್ದು ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಈಗ ಇಶಾರಾ. ಹಿಂದಿಯಲ್ಲಿ ಅದು ಸನ್ನೆ. ಧಾರವಾಡ ಕಡೆಯ ಕನ್ನಡದ 'ಇಶಾರೆ'ಯೂ ಅದೇ. ಮರಾಠಿ ಸುದ್ದಿಯಲ್ಲಿ 'ಇಶಾರಾ ದಿಲಾ' ಎಂದರೆ ಎಚ್ಚರಿಕೆ ಕೊಟ್ಟರು. 'ಮುಸಳಧಾರ ಪಾವಸಾಚಾ ಇಶಾರಾ' ಎಂಬುದು ಹವಾಮಾನ ಇಲಾಖೆಯ ಎಚ್ಚರಿಕೆಯ ಮರಾಠಿ ರೂಪ. ಅದು ಕನ್ನಡದಲ್ಲಿ 'ಭಾರಿ ಮಳೆಯ ಸೂಚನೆ' ಎಂದು ಬಂದಾಗ ಮೋಡ ಕವಿದಿದೆ, ಬಂದರೂ ಬಂದೀತು ಎಂಬಷ್ಟೇ ಅರ್ಥ ಉಳಿಯುತ್ತದೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರಿನಿಂದ 115.5ರವರೆಗೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದನ್ನು ಮೀರಿದ್ದು ಅತ್ಯಂತ ಭಾರಿ. ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ನಗರ ಇದು. ಕನ್ನಡ ಮಾತ್ರ ಓದಬಲ್ಲ ಹಿರಿಯರು, ಹೋಟೆಲು, ಕಟ್ಟಡದ ಕೆಲಸಕ್ಕೆ ಹೊಸದಾಗಿ ಬಂದವರು ಇಲ್ಲಿ ಸಾವಿರಾರು ಮಂದಿ ಇದ್ದಾರೆ. ಬೆಳಿಗ್ಗೆ ಹೊರಡುವುದೋ ಬಿಡುವುದೋ ಎಂದು ಅವರು ತೀರ್ಮಾನಿಸುವುದು ಆ ಒಂದು ಪದ ನೋಡಿ. ಜೂನ್ ಬರುವುದರೊಳಗೆ ನಿಮ್ಮ ಸುದ್ದಿಮನೆಯಲ್ಲಿ ಹವಾಮಾನದ ಸುದ್ದಿ ನೋಡುವವರಿಗೆ 'ಇಶಾರಾ ಬಂದಲ್ಲಿ ಎಚ್ಚರಿಕೆ ಎಂದೇ ಬರೆಯಿರಿ, ಬಣ್ಣವನ್ನು ತಲೆಬರಹದಲ್ಲೇ ಹಾಕಿರಿ' ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಮುಂಬಯಿಯ ಕೆಲವು ಕನ್ನಡ ಅಧ್ಯಾಪಕರು ಮತ್ತು ಅನುವಾದಕರು
ಮಾಟುಂಗಾ, ಮುಂಬಯಿ